ಎಡಗಡೆಯ ಪಟ್ಟಿ

ನಾನು ಹೆಣ ಕೊಯ್ಯುವವನು. ಹೆಸರು ಸೋಮನಿಂಗ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕಿಗೆ ನಾನೊಬ್ಬನೇ. ಪೋಸ್ಟ್‌ಮಾರ್ಟಂ ಮಾಡುವವರು ಡಾಕ್ಟರು ಎಂದು ನೀವು ತಿಳಿದಿದ್ದರೆ ಆ ತಿಳಿವಳಿಕೆ ಈಗಲೇ ಬಿಡಿ. ಡಾಕ್ಟರು ಬಾಗಿಲಲ್ಲಿ ಮೂಗಿಗೆ ಕರವಸ್ತ್ರ ಹಿಡಿದು ನಿಲ್ಲುತ್ತಾರೆ. ಎದೆ ಸೀಳುವವನು ನಾನು. ಉಳಿ, ಸುತ್ತಿಗೆ ಹಿಡಿದು ತಲೆ ಬಿಚ್ಚುವವನು ನಾನು. ಒಳಗೆ ಏನು ಒಡೆದಿದೆ, ಎಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು ಕೂಗಿ ಹೇಳುವವನೂ ನಾನೇ. ಅವರು ಬರೆದುಕೊಳ್ಳುತ್ತಾರೆ. ಸಹಿ ಅವರದು, ನಾತ ನನ್ನದು.

ಹದಿನಾರು ವರ್ಷವಾಯಿತು. ಇನ್ನೂ ದಿನಗೂಲಿ. ಕಾಯಂ ಮಾಡುವ ಫೈಲು ಯಾವುದೋ ಮೇಜಿನ ಮೇಲೆ ಮಲಗಿದೆ. ನಾನು ಕೊಯ್ದ ಹೆಣಗಳಾದರೂ ಸಂಜೆಯೊಳಗೆ ಜಾಗ ಖಾಲಿ ಮಾಡುತ್ತವೆ.

ಕೆಲಸ ಮುಗಿಸಿ ಹೊರಗೆ ಬಂದರೆ ಸತ್ತವರ ಕಡೆಯವರು ನನಗೆ ಕೊಡುವುದನ್ನು ನೆಲದ ಮೇಲೆ ಇಡುತ್ತಾರೆ. ನೋಟು ಗಾಳಿಗೆ ಹಾರಬಾರದೆಂದು ಅದರ ಮೇಲೊಂದು ಕಲ್ಲು. ಚಹಾದಂಗಡಿಯವನು ಕಪ್ಪನ್ನು ನೆಲಕ್ಕಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. ಜಾತಿಯ ಹೆಸರು ಹಿಡಿದು ಈಗ ಯಾರೂ ಅನ್ನುವುದಿಲ್ಲ, ಕಾಯಿದೆ ಇದೆ. 'ಹೆಣ ಮುಟ್ಟಿದ ಕೈ' ಎನ್ನುತ್ತಾರೆ. ನನ್ನಪ್ಪ ಜೀವಮಾನದಲ್ಲಿ ಒಂದು ಹೆಣವನ್ನೂ ಕೊಯ್ದವನಲ್ಲ. ಮಾದರ ಓಣಿಯಲ್ಲಿ ಹುಟ್ಟಿ, ಮಂದಿಯ ಹೊಲದಲ್ಲಿ ದುಡಿದು ಸತ್ತ. ಅವನಿಗೂ ನೆಲಕ್ಕೇ ಇಡುತ್ತಿದ್ದರು.

ಇನ್ನೊಂದು ರೂಢಿ ಇದೆ. ಹೆಣದ ಮೈಮೇಲಿನ ವಸ್ತು ಕೊಯ್ಯುವವನಿಗೆ ಸೇರಬೇಕು. ಅಂಗಿ, ಬೆಲ್ಟು, ಚಪ್ಪಲಿ, ಹೆಲ್ಮೆಟ್ಟು. ಮನೆಯವರು ಬಂಗಾರ ಒಯ್ಯುತ್ತಾರೆ, ಮೈಲಿಗೆ ನನಗೆ ಬಿಡುತ್ತಾರೆ. ನಾನು ಒಂದು ಗುಂಡಿಯನ್ನೂ ಮುಟ್ಟಿದವನಲ್ಲ. ಮದುವೆಯಾದ ವರ್ಷವೇ ನನ್ನ ಹೆಂಡತಿ ಸುನಂದಾ ಹೇಳಿದ್ದಳು, "ಸತ್ತವ್ರ ಅಂಗಿ ತೊಟ್ಕೊಂಡು ಮನಿಗೆ ಬಂದ್ರ ನಾ ತವರ ಮನಿಗೆ ಹೊಕ್ಕೇನಿ."

ಆ ಸಾಮಾನನ್ನು ನಾನು ದವಾಖಾನೆಯ ಸ್ಟೋರಿನಲ್ಲಿ ಇಡುತ್ತಿದ್ದೆ. ಯಾವ ಊರಿನ ದವಾಖಾನೆ ಎಂದು ಹೇಳುವುದಿಲ್ಲ. ನಾಲ್ಕರಲ್ಲಿ ಯಾವುದೂ ಅಲ್ಲ ಎಂದೂ ಹೇಳುವುದಿಲ್ಲ. ಸ್ಟೋರು ನೋಡಿಕೊಳ್ಳುವವನು ಮಡಿವಾಳಪ್ಪ. "ಇಲ್ಲಿಟ್ಟು ಹೋಗೋ, ಸುಡಿಸ್ತೇನಿ. ಸುಡಾಕ ಕೊಟ್ಟೇನಿ ಅಂತ ಇಲ್ಲೊಂದು ಸಹಿ ಮಾಡು" ಎನ್ನುತ್ತಿದ್ದ. ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವನು. ನನ್ನ ಹೆಸರು ಬರೆಯುತ್ತೇನೆ. ಕೂಡಿಸಿ ಗೀಚಿದ ಅಕ್ಷರ ಓದಲು ಬರುವುದಿಲ್ಲ. ಸಹಿ ಮಾಡುತ್ತ ಹೋದೆ.

ಹೆಲ್ಮೆಟ್ ತೆಗೆಯುವುದಕ್ಕೆ ನನ್ನದೊಂದು ಪದ್ಧತಿ ಇದೆ. ಗದ್ದದ ಕೆಳಗಿನ ಬಕಲ್ಲು ಬಿಚ್ಚಲು ಬರುವುದಿಲ್ಲ, ರಕ್ತ ಒಣಗಿ ಹಿಡಿದಿರುತ್ತದೆ. ಪಟ್ಟಿಯನ್ನೇ ಕೊಯ್ಯಬೇಕು. ನಾನು ಎಡಗಡೆಯ ಪಟ್ಟಿ ಕೊಯ್ಯುತ್ತೇನೆ. ಬಕಲ್ಲಿನಿಂದ ನಾಲ್ಕು ಬೆರಳು ಮೇಲೆ, ಓರೆಯಾಗಿ, ಚಾಕುವಿನ ಬಾಯಿ ಹೊರಗೆ ಮಾಡಿ. ಸತ್ತವನ ಕೊರಳಿಗೆ ಇನ್ನೊಂದು ಗಾಯ ಆಗಬಾರದು. ಇದನ್ನು ನನಗೆ ಯಾರೂ ಕಲಿಸಿದ್ದಲ್ಲ.

ಮೂರು ವರ್ಷದ ಕೆಳಗೆ ಇಂಡಿಗೆ ಒಂದು ಹೆಣ್ಣುಹೆಣ ಬಂದಿತ್ತು. ಗಂಡಸು ಬಟ್ಟೆ ಬಿಚ್ಚಬಾರದು ಎಂದು ಮನೆಯವರು ಗದ್ದಲ ಎಬ್ಬಿಸಿದರು. ಡಾಕ್ಟರು, "ನಿನ್ನ ಹೆಂಡತೀನ ಕರಕೊಂಡು ಬಾ" ಎಂದರು. ಅಂದಿನಿಂದ ಹೆಣ್ಣುಹೆಣ ಬಂದರೆ ಸುನಂದಾ ಬರಬೇಕು. ಅವಳಿಗೆ ಪಗಾರವಿಲ್ಲ. ಅವಳು ಬಟ್ಟೆ ಬಿಚ್ಚುತ್ತಾಳೆ, ತೊಳೆಯುತ್ತಾಳೆ, ನಾನು ಹೊಲಿದ ಮೇಲೆ ಆ ಹೆಣ್ಣಿನ ಕೂದಲು ಬಾಚಿ ತುರುಬು ಕಟ್ಟುತ್ತಾಳೆ. ತುರುಬು ಕಟ್ಟು ಎಂದು ಯಾರೂ ಹೇಳಿಲ್ಲ.

ನಾಲ್ಕು ತಾಲೂಕು ತಿರುಗಲು ನನ್ನಲ್ಲೊಂದು ಹಳೇ ಬೈಕಿದೆ. ಪೊಲೀಸರು ಹೆಲ್ಮೆಟ್ ಕೇಳಲು ಸುರು ಮಾಡಿದ ವರ್ಷ ಸೊಲ್ಲಾಪುರದಿಂದ ಒಂದು ತಂದಿದ್ದೆ. ಒಂದೇ. ಹಿಂದೆ ಕೂತ ಸುನಂದಾ ಸೆರಗನ್ನು ತಲೆಗೆ ಬಿಗಿದು ಹಲ್ಲಲ್ಲಿ ಕಚ್ಚಿಕೊಂಡು ಕೂಡುತ್ತಿದ್ದಳು.

ಆಮೇಲೆ ಕೊಲ್ಹಾರದ ಸೇತುವೆಯ ಹೆಣ ಬಂತು. ಗಂಡನ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂತ ಹೆಣ್ಣುಮಗಳು. ತಗ್ಗಿನಲ್ಲಿ ಗಾಡಿ ಎಗರಿತು, ಇವಳು ಬೆನ್ನ ಮೇಲೆ ಬಿದ್ದಳು. ಗಂಡನ ತಲೆಗೆ ಹೆಲ್ಮೆಟ್ ಇತ್ತು, ಅವನಿಗೆ ಮೊಳಕೈ ತರಚಿತ್ತು ಅಷ್ಟೇ. ಸುನಂದಾ ಆ ತಲೆಯನ್ನು ಎತ್ತಿ ಹಿಡಿಯಬೇಕಿತ್ತು. ಹಿಂಬದಿಗೆ ಕೈ ಕೊಟ್ಟಳು. ಬೆರಳು ಒಳಗೆ ಹೋದವು.

ಮನೆಗೆ ಬಂದು ಕೈ ತೊಳೆದಳು. ಮತ್ತೆ ತೊಳೆದಳು. ಬೂದಿ ಹಚ್ಚಿ ತಿಕ್ಕಿ ಮೂರನೇ ಸಲ ತೊಳೆದಳು. ನನ್ನ ಕಡೆ ತಿರುಗಿ ಕೇಳಿದಳು.

"ಹಿಂದ ಕುಂತಾವ್ರಿಗೇನು ತಲಿ ಇರಂಗಿಲ್ಲೇನ್ರಿ?"

ಸಾವಿರ ತಲೆ ಬಿಚ್ಚಿದವನು, ಮನೆಯ ತಲೆ ನೋಡಿರಲಿಲ್ಲ. ಆ ದಿನ ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಸಂತೆಯ ದಿನ ಇಬ್ಬರೂ ಸಿಂದಗಿಗೆ ಹೋದೆವು. ಎರಡು ತಿಂಗಳು ಕೂಡಿಸಿದ ಆರು ನೂರು ರೂಪಾಯಿ ಸುನಂದಾಳ ಎಲೆಯಡಿಕೆ ಚೀಲದಲ್ಲಿತ್ತು. ರಸ್ತೆಯ ಬದಿಗೆ ತಾಡಪತ್ರಿ ಹಾಸಿ ನೂರೈವತ್ತಕ್ಕೆ ಮಾರುವವರೂ ಇದ್ದರು. ಒಂದನ್ನು ಎತ್ತಿ ಹೆಬ್ಬೆರಳಿನಿಂದ ಒತ್ತಿದೆ, ತಗ್ಗಾಯಿತು. ಅರ್ಧ ಟೋಪಿಯಂಥವು ಕೆಲವು, ನೆತ್ತಿ ಮುಚ್ಚುತ್ತವೆ, ಹಿಂಬದಿ ಬೋಳು. ಹೆಂಗಸರು ಬೀಳುವುದೇ ಹಿಂದಕ್ಕೆ. ನನಗೆ ಹಿಂದೆ ಕುತ್ತಿಗೆಯ ಹೆಡಕಿನವರೆಗೆ ಇಳಿಯುವಂಥದು ಬೇಕು, ಒಳಗೆ ಬಿಳೀ ಥರ್ಮಾಕೋಲು ದಪ್ಪ ಇರಬೇಕು, ಸುನಂದಾಳ ತುರುಬು ಹಿಡಿಸಬೇಕು. ತುರುಬಿನ ಮೇಲೆ ಕೂತ ಹೆಲ್ಮೆಟ್ ಬಿದ್ದಾಗ ತಲೆಗಿಂತ ಮುಂಚೆ ಹಾರಿಹೋಗುತ್ತದೆ. ಅಂಥದನ್ನೂ ನೋಡಿದ್ದೇನೆ. ಅದಕ್ಕೇ ಅಳತೆ ನೋಡದೆ ತರುವಂತಿಲ್ಲ, ತಲೆಗೆ ಹಾಕಿಯೇ ನೋಡಬೇಕು.

ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಶ್ರೀಶೈಲ ಸಾವಕಾರನ ಅಂಗಡಿ. ಬೈಕಿನ ಸಾಮಾನು, ಟಯರು, ಹೆಲ್ಮೆಟ್ಟು. ನಾಲ್ಕು ಮೆಟ್ಟಿಲು ಹತ್ತಬೇಕು. ಒಳಗೆ ಗೋಡೆಗೊಂದು ಕನ್ನಡಿ. ಮಂದಿ ಒಂದೊಂದೇ ತಲೆಗೆ ಹಾಕಿಕೊಳ್ಳುವುದು, ಕನ್ನಡಿಯ ಮುಂದೆ ಮುಖ ತಿರುವುವುದು, ತೆಗೆಯುವುದು, ಮತ್ತೊಂದು ಹಾಕುವುದು ನಡೆದಿತ್ತು. ಬೆವರಿದ ತಲೆ, ಎಣ್ಣೆ ಸುರಿಯುವ ತಲೆ, ಹೇನಿನ ತಲೆ, ಎಲ್ಲವೂ ಹೋಗಿ ಬರುತ್ತಿದ್ದವು.

ನಾನು ಮೊದಲ ಮೆಟ್ಟಿಲಿಗೆ ಕಾಲಿಟ್ಟೆ.

"ಏ ಸೋಮ್ಯಾ, ಅಲ್ಲೇ ನಿಂದ್ರು" ಎಂದ ಶ್ರೀಶೈಲ. "ಏನ್ ಬೇಕು ಅಲ್ಲಿಂದನ ಹೇಳು."

"ಹೆಲ್ಮೆಟ್ ಬೇಕ್ರಿ ಸಾವಕಾರ್ರ. ನಮ್ಮಾಕಿಗೆ."

"ಹೆಂಗಸ್ರಿಗ್ಯಾಕೋ? ಪೊಲೀಸ್ರು ಗಾಡಿ ಹೊಡಿಯಾವಂಗಷ್ಟ ಕೇಳ್ತಾರ."

"ಪೊಲೀಸ್ರಿಗಂತ ಅಲ್ರಿ. ರೋಡು ಇಬ್ರಿಗೂ ಒಂದ ಐತ್ರಿ."

ಮೇಲಿನ ಸಾಲಿನಲ್ಲಿ ಆರು ನೂರರ ಚೀಟಿ ಹಚ್ಚಿದ ನೀಲಿಯದೊಂದಿತ್ತು. ಹಿಂಬದಿ ಚೆನ್ನಾಗಿ ಇಳಿದಿತ್ತು. "ಆ ನೀಲಿದು ಕೊಡ್ರಿ, ಹಾಕ್ಕೊಂಡು ನೋಡ್ತಾಳ" ಎಂದೆ.

"ಹಾಕ್ಕೊಂಡು ನೋಡೂದು?" ಶ್ರೀಶೈಲ ಅಂಗಡಿಯೊಳಗಿನ ಗಿರಾಕಿಗಳ ಮುಖ ನೋಡಿ ನಕ್ಕ. "ನಾಳಿ ಅದನ್ನ ಮತ್ತೊಬ್ರು ತಲಿ ಮ್ಯಾಲ ಇಟ್ಕೋಬೇಕೋ ಹುಚ್ಚಾ. ನಿಮ್ ಕೈ ಎಲ್ಲೆಲ್ಲಿ ಆಡಿ ಬಂದಿರ್ತಾವ."

"ಕೈ ಅಲ್ರಿ, ತಲಿ ಹಾಕೂದು" ಎಂದಳು ಸುನಂದಾ. "ನಾ ತಲೀಲೆ ಹೆಣಾ ತೊಳಿಯಂಗಿಲ್ಲ."

ಒಳಗೆ ಯಾರೋ ಕಿಸಕ್ಕೆಂದರು. ಶ್ರೀಶೈಲನಿಗೆ ಸಿಟ್ಟು ಬಂತು. ಒಂದು ದಾರದ ಉಂಡೆ ತೆಗೆದು ನಮ್ಮ ಮುಂದಿನ ಮೆಟ್ಟಿಲಿಗೆ ಒಗೆದ.

"ದಾರ ಸುತ್ತಿ ಅಳತಿ ತಗೊಂಡು ಕೊಡ್ರಿ. ಬಂದ್ರ ಬಂತು, ಇಲ್ಲಾ ಹಾದಿ ಹಿಡೀರಿ."

ನಾನು ಬಗ್ಗಿ ದಾರ ಎತ್ತಿದೆ. ಸಂತೆಯ ಮಂದಿ ಹಾದುಹೋಗುತ್ತಿದ್ದರು, ನಿಂತು ನೋಡುವವರೂ ಇದ್ದರು. ನಡುಬೀದಿಯಲ್ಲಿ ನನ್ನ ಹೆಂಡತಿಯ ತಲೆಗೆ ದಾರ ಸುತ್ತಿದೆ. ಒಂದು ಕಿವಿಯ ಹಿಂದಿನಿಂದ ಇನ್ನೊಂದು ಕಿವಿಯ ಹಿಂದಕ್ಕೆ. ನನ್ನ ಕೈ ನಿಂತುಹೋಯಿತು. ಇದೇ ಗೆರೆ. ದಿನಾ ಇದೇ ಗೆರೆಯ ಮೇಲೆ ನಾನು ಚಾಕು ಎಳೆಯುವುದು.

"ಯಾಕ್ರಿ?" ಎಂದಳು ಸುನಂದಾ.

"ಏನಿಲ್ಲ" ಎಂದೆ. ದಾರ ಹರಿದು ಮೆಟ್ಟಿಲ ಮೇಲಿಟ್ಟೆ. ಶ್ರೀಶೈಲ ಅದರ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದು, ನೀಲಿ ಹೆಲ್ಮೆಟ್ಟಿನ ಹತ್ತಿರಕ್ಕೂ ಒಯ್ಯದೆ, ದೂರದಿಂದಲೇ ಕಣ್ಣಳತೆ ನೋಡಿ, "ಬರಂಗಿಲ್ಲ" ಎಂದ. ದಾರ ಕಸಕ್ಕೆ ಹೋಯಿತು.

ಆಮೇಲೆ ಅವನೇ ದನಿ ಮೆತ್ತಗೆ ಮಾಡಿದ. ವ್ಯಾಪಾರಸ್ಥ ನೋಡಿ.

"ನಿಮ್ಮಂಥಾವ್ರಿಗಂತನ ಬ್ಯಾರೆ ಇಟ್ಟೇನಿ. ಬಣ್ಣ ಸರಿ ಇಲ್ಲಂತ ಕಂಪನಿಯಾವ್ರು ವಾಪಸ್ ಹಾಕಿದ ಮಾಲು. ಹೊಸಾದ ಐತಿ, ಅರ್ಧಾ ರೊಕ್ಕ. ಇದನ್ನ ಬೇಕಾದ್ರ ಹಾಕ್ಕೊಂಡು ನೋಡ್ರಿ."

ಹಿಂದಿನ ಕೋಣೆಯಿಂದ ಕರಿಯದೊಂದು ತಂದು ಮೆಟ್ಟಿಲ ಮೇಲಿಟ್ಟ. ಅಂಗಡಿಯೊಳಗೆ ಒಬ್ಬ ಹಿರಿಯ, ಮೋರಟಗಿಯ ದಾವಲಮಲಿಕ, ಅಂಥದೇ ಒಂದನ್ನು ಚೀಲದಲ್ಲಿ ಹಾಕಿಕೊಂಡು ನಿಂತಿದ್ದ. "ನಾನೂ ಅದನ್ನ ತಗೊಂಡೇನಿ, ಚೊಲೊ ಅದಾವ" ಎಂದ. ಒಕ್ಕಲುತನದ ಮನುಷ್ಯ, ಸುಳ್ಳು ಹೇಳುವವನಲ್ಲ.

ಖರೇ ಹೇಳುತ್ತೇನೆ, ನನಗೆ ಖುಷಿಯಾಯಿತು. ಅರ್ಧ ರೊಕ್ಕ ಉಳಿಯಿತಲ್ಲ ಎಂದು ಒಳಗೊಳಗೆ ಹಿಗ್ಗಿದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಸುನಂದಾ ಅದನ್ನು ಎತ್ತಿದಳು. ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಹಿಡಿದಳು. ಪಟ್ಟಿ ನನ್ನ ಕಣ್ಣಮುಂದೆ ತೂಗಾಡಿತು. ಎಡಗಡೆಯ ಪಟ್ಟಿ. ಬಕಲ್ಲಿನಿಂದ ನಾಲ್ಕು ಬೆರಳು ಮೇಲೆ ಚರ್ಮದ ತೇಪೆ ಹಚ್ಚಿ ಹೊಲಿದಿದ್ದರು. ತೇಪೆಯ ಅಂಚಿಗೆ ಕೊಯ್ದ ಗುರುತು ಇಣುಕುತ್ತಿತ್ತು. ಓರೆಯಾಗಿ.

"ಹಾಕ್ಕೋಬ್ಯಾಡ!"

ನಾನು ಕಸಿದುಕೊಂಡ ರಭಸಕ್ಕೆ ಅವಳ ಬಳೆ ಒಡೆಯಿತು.

ಒಳಗಿನ ಸ್ಪಂಜು ಕಿತ್ತೆ. ಅದರ ಕೆಳಗೆ ಹಸಿರು ಸ್ಕೆಚ್‌ಪೆನ್ನಿನಲ್ಲಿ ಸೊಟ್ಟ, ಬಿಡಿಬಿಡಿ ಅಕ್ಷರಗಳಿದ್ದವು. ಐಶ್ವರ್ಯ.

ಆ ಅಕ್ಷರ ನಾನು ಬಲ್ಲೆ. ಹೋಳಿ ಹುಣ್ಣಿಮೆಯ ಮುಂದೆ ಲಚ್ಯಾಣದ ಹತ್ತಿರ ಅಮಿತ ಎಂಬ ಸಾಲಿ ಮಾಸ್ತರನ ಮೇಲೆ ಕಬ್ಬಿನ ಟ್ರ್ಯಾಕ್ಟರು ಹರಿದಿತ್ತು. ಎದೆ ಅಪ್ಪಚ್ಚಿ. ತಲೆಗೆ ಗೀರೂ ಇರಲಿಲ್ಲ. ಪಟ್ಟಿ ಕೊಯ್ದು ಹೆಲ್ಮೆಟ್ ತೆಗೆದಾಗ ಸ್ಪಂಜು ಸರಿದು ಈ ಅಕ್ಷರ ಕಂಡಿತ್ತು. ಮಗಳು ಬರೆದದ್ದು. ಪಂಚನಾಮೆ ಬರೆಯುತ್ತಿದ್ದ ಪೊಲೀಸ್ ಅಮೀನುದ್ದೀನನಿಗೆ, "ಇದನ್ನೂ ಬರ್ಕೋರಿ" ಎಂದಿದ್ದೆ. ಬರೆದುಕೊಂಡಿದ್ದ. ಮಡಿವಾಳಪ್ಪನಿಗೆ ಕೊಡುವಾಗ ಹೇಳಿದ್ದೆ, "ಯಪ್ಪಾ, ಇದೊಂದು ಸುಡಬ್ಯಾಡ್ರಿ. ಕೂಸಿನ ಅಕ್ಷರ ಅದಾವ. ಅವ್ರ ಮನಿಗೆ ಮುಟ್ಟಸ್ರಿ." ಅವನು ತಲೆಯಾಡಿಸಿದ್ದ.

"ಸಾವಕಾರ್ರ" ಎಂದೆ. "ಇದು ಸತ್ತಾವಂದು."

"ಏನೋ?"

"ಸತ್ತಾವನ ತಲಿಮ್ಯಾಲಿಂದು. ನಾನ ಕೊಯ್ದು ತಗದೇನಿ. ಲಚ್ಯಾಣದ ಮಾಸ್ತರಂದು."

ಅಂಗಡಿಯಲ್ಲಿ ಕನ್ನಡಿಯ ಮುಂದಿದ್ದವನು ಹಾಕಿಕೊಂಡ ಹೆಲ್ಮೆಟ್ ಹಾಗೇ ಹಿಡಿದು ನಿಂತ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರಲ್ಲ, ಶ್ರೀಶೈಲನ ಮುಖ ಹಾಗಾಯಿತು. ಮೂರು ಮೆಟ್ಟಿಲು ಇಳಿದು ಬಂದ. ಹದಿನಾರು ವರ್ಷದಲ್ಲಿ ಅವನು ನನ್ನ ಅಷ್ಟು ಸಮೀಪ ಬಂದದ್ದು ಅದೇ ಮೊದಲು. ಪಿಸುಗುಟ್ಟಿದ.

"ಬಾಯಿ ಮುಚ್ಕೊಂಡು ಹಂಗ ತಗೊಂಡು ಹೋಗು. ರೊಕ್ಕ ಬ್ಯಾಡ. ಬೇಕಾದ್ರ ಎರಡ ತಗೋ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನನ್ನ ಹೆಂಡತಿಯ ಬದುಕಿರುವ ತಲೆ ಹೊಕ್ಕರೆ ಇವನ ಹೊಸ ಹೆಲ್ಮೆಟ್ ಮೈಲಿಗೆ. ಸತ್ತವರ ರಕ್ತ ಹಿಡಿದದ್ದು ಮೈಲಿಗೆಯಲ್ಲ, ಬಣ್ಣ ಹಚ್ಚಿದರೆ ಮುಗಿಯಿತು, ಊರಿಗೆಲ್ಲ ಮಾರಬಹುದು. ಇದು ಯಾವ ಮಡಿ? ಇದು ಯಾವ ನ್ಯಾಯ?

"ಬ್ಯಾಡ್ರಿ" ಎಂದೆ ಗಟ್ಟಿಯಾಗಿ. "ಪುಕ್ಕಟೆ ಹೆಣದ ಸಾಮಾನು ತಗೊಳ್ಳಾವಾಗಿದ್ರ ಹದಿನಾರು ವರ್ಷದಾಗ ನಂದೂ ಒಂದು ಅಂಗಡಿ ಆಗ್ತಿತ್ತು."

ಶ್ರೀಶೈಲ ಫೋನು ಮಾಡಿದ. ಐದು ನಿಮಿಷಕ್ಕೆ ಸ್ಕೂಟರಿನ ಮೇಲೆ ಬಂದವನು ಮಡಿವಾಳಪ್ಪ. ಅಂಗಡಿಯ ಹಿಂದಿನ ಓಣಿಯಲ್ಲೇ ಅವನ ಮನೆ, ಶ್ರೀಶೈಲನಿಗೆ ಅವನು ಅಕ್ಕನ ಗಂಡ ಎಂದು ನನಗೆ ಗೊತ್ತಾದದ್ದು ಅವತ್ತು. ಸಂತೆಯ ಮಂದಿ ಅಷ್ಟೊತ್ತಿಗೆ ಬೀದಿ ತುಂಬಿದ್ದರು. ಅವನು ಗಾಡಿಯಿಂದ ಇಳಿಯದೆ, ನನ್ನನ್ನು ನೋಡದೆ, ಮಂದಿಗೆ ಹೇಳಿದ.

"ನೋಡ್ರಿ, ಹೆಣದ ಮ್ಯಾಲಿನ ಸಾಮಾನು ಕೊಯ್ಯಾವಂಗ ಸೇರಬೇಕು. ಅಜ್ಜ ಮುತ್ತ್ಯಾನ ಕಾಲದ ರೂಢಿ. ರೂಢಿ ಪ್ರಕಾರ ನಾ ಎಲ್ಲಾ ಇವಂಗ ಕೊಟ್ಟೇನಿ. ಒಂದೊಂದಕ್ಕೂ ಬುಕ್ಕಿನ್ಯಾಗ ಇವನ ಸಹಿ ಐತಿ, 'ನನಗೆ ಮುಟ್ಟಿದೆ' ಅಂತ. ಮುಂದ ಇವಾ ಏನ್ ಮಾಡಿದನೋ, ಇವನ್ನ ಕೇಳ್ರಿ."

ಸುಡಲು ಕೊಟ್ಟಿದ್ದೇನೆ ಎಂದು ಮಾಡಿದ ಸಹಿ. ಅದರ ಮೇಲೆ ಇವನು ಬರೆದದ್ದು ಮುಟ್ಟಿದೆ ಎಂದು. ಒಂದಲ್ಲ ಎರಡಲ್ಲ, ಎಷ್ಟೋ ವರ್ಷದ ಸಹಿ. ಕಾಗದದಲ್ಲಿ ಕಳ್ಳ ನಾನೇ.

ಮಂದಿ ನನ್ನ ಕಡೆ ತಿರುಗಿದರು. "ಹೆಣಾ ತಿನ್ನೂ ಸೂಳೇಮಗ" ಎಂದ ಒಬ್ಬ. "ಪೊಲೀಸ್ರನ್ನ ಕರೀರಿ" ಎಂದ ಇನ್ನೊಬ್ಬ. ದಾವಲಮಲಿಕ ತನ್ನ ಚೀಲದೊಳಗಿನ ಹೆಲ್ಮೆಟ್ಟನ್ನೂ ನನ್ನ ಮುಖವನ್ನೂ ನೋಡಿದ. "ನನ್ನ ಮಗಳಿಗಂತ ತಗೊಂಡೇನಲ್ಲೋ ಪಾಪಿ!" ಎಂದು ಕೂಗಿದ. ಯಾರದೋ ಕೈ ನನ್ನ ಅಂಗಿಯ ಕಾಲರಿಗೆ ಬಂತು. ಮಡಿವಾಳಪ್ಪ ಈಗ ಗಾಡಿಯಿಂದ ಇಳಿದು ಬಂದು ನನ್ನ ಕಿವಿಯ ಹತ್ತಿರ ಬಾಗಿದ.

"ಕಾಯಂ ಫೈಲು ನನ್ನ ಕೈಯಾಗ ಐತಿ. ಸುಮ್ನ ಮನಿಗೆ ನಡಿ. ನಾಳಿಂದ ಎಲ್ಲಾ ಮರ್ತುಬಿಡೂಣು."

ನಾನು ಹೆದರಿದೆ. ಹೋಗಿಬಿಡೋಣ ಎಂದು ಹೆಂಡತಿಯ ಕಡೆ ನೋಡಿದೆ.

ಅವಳು ನನ್ನನ್ನು ನೋಡುತ್ತಿರಲಿಲ್ಲ. ಒಡೆದ ಬಳೆಯ ಚೂರನ್ನು ಮಣಿಕಟ್ಟಿನಿಂದ ಕೀಳುತ್ತಿದ್ದಳು. ಕಿತ್ತು ಒಗೆದು ಕೇಳಿದಳು.

"ಬುಕ್ಕಿನ್ಯಾಗ ಏನಂತ ಐತಿ ಅಂದ್ರಿ?"

"ನಿನ್ನ ಗಂಡಗ ಮುಟ್ಟೇತಿ ಅಂತ."

"ಎಲ್ಲಾ?"

"ಎಲ್ಲಾ. ಒಂದೂ ಬಿಟ್ಟಿಲ್ಲ."

ಅವಳು ಶ್ರೀಶೈಲನ ಕಡೆ ತಿರುಗಿದಳು. "ಸಾವಕಾರ್ರ, ಮಂದಿ ಮುಂದ ಒಂದು ಮಾತು ಹೇಳ್ರಿ. ನನ್ನ ಗಂಡ ನಿಮಗ ಸತ್ತವ್ರ ಹೆಲ್ಮೆಟ್ ಮಾರ್ಯಾನೇನು? ನೀವು ಗೊತ್ತಿದ್ದ ಕೊಂಡೀರೇನು?"

ಶ್ರೀಶೈಲನ ಬಾಯಲ್ಲಿ ಬಿಸಿ ತುಪ್ಪ. ಹೌದೆಂದರೆ ಕೊಂಡವನು ತಾನು, ಊರಿಗೆ ಮಾರಿದವನು ತಾನು. ಬೀದಿ ತುಂಬ ಅವನ ಗಿರಾಕಿಗಳು. ಅವನು ಭಾವನ ಮುಖ ನೋಡಿದ. ಭಾವ ಬೇರೆ ಕಡೆ ನೋಡಿದ.

"ಛೇ, ಛೇ" ಎಂದ ಶ್ರೀಶೈಲ. "ನಾ ಇವನ ಕಡಿಂದ ಏನೂ ಕೊಂಡಿಲ್ಲ."

"ಕೇಳಿದ್ರಿಲ್ಲ?" ಸುನಂದಾ ಮಂದಿಗೆ ಹೇಳಿದಳು. "ನಾವು ಮಾರಿಲ್ಲ, ಅವ್ರು ಕೊಂಡಿಲ್ಲ. ಬುಕ್ಕಿನ್ಯಾಗ ನಮ್ಮವು ಅಂತ ಐತಿ. ಹಂಗಾದ್ರ ನಮ್ಮವು. ನಮ್ಮ ಸಾಮಾನು ನಾವು ಒಯ್ತೇವಿ."

ಹಾಗೆಂದು ಮೆಟ್ಟಿಲು ಹತ್ತಿದಳು. ಒಂದು. ಎರಡು. ಮೂರು. ನಾಲ್ಕು. ಹೊಸ್ತಿಲು ದಾಟಿದಳು.

"ಏ, ಒಳಗ ಬರಬ್ಯಾಡ! ಮುಟ್ಟಬ್ಯಾಡ!" ಶ್ರೀಶೈಲ ಅಡ್ಡ ಬಂದ. ಅವಳು ನಿಲ್ಲಲಿಲ್ಲ. ಮುಟ್ಟಿದರೆ ಎಂಬ ಅಂಜಿಕೆಗೆ ಅವನೇ ಸರಿದ. ಅಷ್ಟು ವರ್ಷ ನಮ್ಮನ್ನು ದೂರ ಇಟ್ಟ ಮೈಲಿಗೆ ಆ ಹೊತ್ತಿನಲ್ಲಿ ಅವಳಿಗೆ ದಾರಿ ಬಿಡಿಸಿತು.

ಹಿಂದಿನ ಕೋಣೆಗೆ ಹೋಗಿ ಒಂದೊಂದೇ ತಂದಳು. ನಾನು ಮೆಟ್ಟಿಲ ಕೆಳಗೆ ನಿಂತು ಇಸಕೊಂಡೆ. ಎಡಗಡೆಯ ಪಟ್ಟಿ ತಿರುವುತ್ತಿದ್ದೆ. ತೇಪೆ ಇದ್ದವು ಒಂದು ಕಡೆ, ಇಲ್ಲದವು ಒಂದು ಕಡೆ. ನಮ್ಮದಲ್ಲದ್ದು ಒಂದೂ ಬೇಡ. ಹನ್ನೊಂದು ಸಿಕ್ಕವು. ಬೆರಳ ಗಂಟಿನಿಂದ ಬಡಿದು ನೋಡಿದೆ. ನಾಲ್ಕು ಒಡೆದ ಗಡಿಗೆಯ ಸಪ್ಪಳ ಕೊಟ್ಟವು. ಬಣ್ಣದ ಕೆಳಗೆ ಬಿರುಕು. ಒಮ್ಮೆ ಪೆಟ್ಟು ತಿಂದದ್ದು ಎರಡನೇ ಪೆಟ್ಟು ತಡೆಯುವುದಿಲ್ಲ. ಮಂದಿ ಅದನ್ನೇ ನೋಡುತ್ತಿದ್ದರು. ನನ್ನ ಕಾಲರು ಹಿಡಿದ ಕೈ ಯಾವಾಗ ಬಿಟ್ಟಿತೋ ಗೊತ್ತಾಗಲಿಲ್ಲ.

ಕೊನೆಗೆ ಸುನಂದಾ ಮೇಲಿನ ಸಾಲಿಗೆ ಕೈ ಚಾಚಿ ಆ ನೀಲಿಯದನ್ನು ಇಳಿಸಿದಳು. ಕನ್ನಡಿಯ ಮುಂದೆ ನಿಂತಳು. ಹಾಕಿದಳು, ತುರುಬು ತಡೆಯಿತು. ತೆಗೆದಳು. ತುರುಬು ಬಿಚ್ಚಿ ಜಡೆ ಕೆಳಗೆ ಇಳಿಬಿಟ್ಟಳು. ಮತ್ತೆ ಹಾಕಿದಳು. ಹೆಡಕಿನವರೆಗೆ ಇಳಿಯಿತು. ಬಕಲ್ಲು ಹಾಕಿ, ತಲೆಯನ್ನು ಎಡಕ್ಕೆ ಬಲಕ್ಕೆ ಜಾಡಿಸಿದಳು. ಅಲುಗಲಿಲ್ಲ.

"ಬರಂಗಿಲ್ಲ ಅಂದ್ರಿ, ಬರ್ತದಲ್ರಿ ಸಾವಕಾರ್ರ" ಎಂದಳು.

ಹಾಗೇ ಹಾಕಿಕೊಂಡು ಕೆಳಗೆ ಇಳಿದು ಬಂದಳು. ಚೀಲದಿಂದ ಆರು ನೂರು ತೆಗೆದಳು. ಶ್ರೀಶೈಲ ಕೈ ಮುಂದೆ ಮಾಡಿದ. ರೊಕ್ಕಕ್ಕೆ ಮೈಲಿಗೆ ಇಲ್ಲ ನೋಡಿ. ಅವಳು ಕೈಗೆ ಕೊಡಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಇಟ್ಟಳು. ರಸ್ತೆಯಿಂದ ಒಂದು ಕಲ್ಲು ಹುಡುಕಿ ತಂದು ನೋಟಿನ ಮೇಲಿಟ್ಟಳು.

"ಗಾಳಿ ಭಾಳ ಐತಿ" ಎಂದಳು.

ಅಷ್ಟು ಮಂದಿಯ ಮುಂದೆ ಶ್ರೀಶೈಲ ಬಗ್ಗಿ ಎತ್ತಿಕೊಂಡ.

ಮುಂದಾದದ್ದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ನನಗೆ ಮನಸ್ಸಿಲ್ಲ. ಆ ಹನ್ನೊಂದನ್ನೂ ಠಾಣೆಗೆ ಒಯ್ದೆವು. ಅಮೀನುದ್ದೀನ ಹಳೇ ಪಂಚನಾಮೆ ತೆಗೆದು ಮಗುವಿನ ಹೆಸರು ತೋರಿಸಿದ, ಅದಕ್ಕೇ ನಾನು ಲಾಕಪ್ಪಿಗೆ ಹೋಗಲಿಲ್ಲ. ಮಡಿವಾಳಪ್ಪನಿಗೆ ಬೇರೆ ಊರಿಗೆ ವರ್ಗ ಆಯಿತು, ಅಷ್ಟೇ. ನನ್ನ ಫೈಲು ಕಳೆದುಹೋಯಿತು. ಹುಡುಕುತ್ತಿದ್ದೇವೆ ಎನ್ನುತ್ತಾರೆ. ಹೆಣ ಬಂದಾಗ ಮಾತ್ರ ನನ್ನ ವಿಳಾಸ ಎಲ್ಲರಿಗೂ ಸಿಗುತ್ತದೆ. ನಾನೂ ಈಗ ಕಣ್ಣುಮುಚ್ಚಿ ಸಹಿ ಮಾಡುವುದಿಲ್ಲ. ಮೊದಲು ಓದಿ ಹೇಳಬೇಕು, ಆಮೇಲೆ ಸಹಿ, ಆಮೇಲೆ ಚಾಕು. ಸುನಂದಾಳಿಗೂ ಕೂಲಿ ಹಾಕದೆ ಹೆಣ್ಣುಹೆಣ ಮುಟ್ಟುವುದಿಲ್ಲ ಎಂದು ಹೇಳಿಬಿಟ್ಟಿದ್ದೇವೆ. ಜಗಳ ನಡೆದಿದೆ.

ಆದರೆ ನಾನು ಹೇಳಬೇಕಾದದ್ದು ಆ ದಿನದ ಕೊನೆಯ ಮಾತು.

ಸುನಂದಾ ರೊಕ್ಕದ ಮೇಲೆ ಕಲ್ಲಿಟ್ಟು ನನ್ನ ಪಕ್ಕಕ್ಕೆ ಬಂದು ನಿಂತಿದ್ದಳು. ಆಗ ಸಂತೆಯಲ್ಲಿ ಸುದ್ದಿ ಹರಡತೊಡಗಿತು. ಬೀದಿಯಲ್ಲಿ ಹೋಗುತ್ತಿದ್ದ ಬೈಕುಗಳು ನಿಂತವು. ಸವಾರರು ಹೆಲ್ಮೆಟ್ ತೆಗೆದರು, ಎಡಗಡೆಯ ಪಟ್ಟಿ ಹಿಡಿದು ನೋಡಿದರು. ಅವರಿಗೆ ಏನು ಗೊತ್ತಾಗಬೇಕು? ತೇಪೆ ಯಾವುದು, ಕಂಪನಿಯ ಹೊಲಿಗೆ ಯಾವುದು, ಯಾವ ಕೊಯ್ತ ನನ್ನದು, ನನಗಲ್ಲದೆ ಈ ನಾಲ್ಕು ತಾಲೂಕಿನಲ್ಲಿ ಇನ್ನಾರಿಗೂ ಗೊತ್ತಿಲ್ಲ.

ಒಬ್ಬ ಬಂದ. ನನ್ನಿಂದ ಎರಡು ಮಾರು ದೂರ ನಿಂತ. ತನ್ನ ಹೆಲ್ಮೆಟ್ಟನ್ನು ನೆಲಕ್ಕಿಟ್ಟು ಹಿಂದೆ ಸರಿದ.

"ಸೋಮನಿಂಗಪ್ಪಾ, ಸ್ವಲ್ಪ ನೋಡಪಾ."

ಸೋಮ್ಯಾ ಎನ್ನುತ್ತಿದ್ದವರು ಸೋಮನಿಂಗಪ್ಪಾ ಎಂದರು. ಇನ್ನೊಬ್ಬ ಬಂದು ಇಟ್ಟ. ಮತ್ತೊಬ್ಬ. ನೋಡನೋಡುತ್ತ ನನ್ನ ಮುಂದೆ ನೆಲದ ಮೇಲೆ ಹದಿನೈದು ಇಪ್ಪತ್ತು ಹೆಲ್ಮೆಟ್ಟುಗಳಾದವು. ಎಲ್ಲರೂ ಕಾದು ನಿಂತರು. ಹದಿನಾರು ವರ್ಷದ ಅಭ್ಯಾಸ, ನನ್ನ ನಡು ತಾನಾಗಿ ಬಗ್ಗತೊಡಗಿತು.

ಬಗ್ಗಲಿಲ್ಲ. ಕೈ ಎರಡೂ ಬೆನ್ನ ಹಿಂದೆ ಕಟ್ಟಿಕೊಂಡೆ.

"ಕೈಯಾಗ ಕೊಡ್ರಿ" ಎಂದೆ.

ಯಾರೂ ಅಲುಗಲಿಲ್ಲ. ಕೇಳಿಸಿರಲಿಕ್ಕಿಲ್ಲ ಎಂದು ಇನ್ನೊಮ್ಮೆ ಹೇಳಿದೆ.

"ನೋಡ್ತೇನಿ. ಎಲ್ಲಾವೂ ನೋಡ್ತೇನಿ. ಕೈಯಾಗ ಕೊಡ್ರಿ."

ಒಬ್ಬ ಇನ್ನೊಬ್ಬನ ಮುಖ ನೋಡಿದ. ಒಬ್ಬ ಬೈದ. ಒಬ್ಬ ತನ್ನದನ್ನು ಎತ್ತಿಕೊಂಡು ಸಿಟ್ಟಿನಿಂದ ಹೊರಟುಹೋದ. ಹೋಗಲಿ. ಅವನ ತಲೆ, ಅವನ ದಾರಿ. ನಾನು ಕೈ ಬಿಚ್ಚಲಿಲ್ಲ.

ಆಗ ದಾವಲಮಲಿಕ ಮುಂದೆ ಬಂದ. ನನಗೆ ಪಾಪಿ ಎಂದು ಕೂಗಿದ್ದವನು. ಚೀಲದಿಂದ ಹೆಲ್ಮೆಟ್ ತೆಗೆದು ಅವನೂ ಎಲ್ಲರಂತೆ ನೆಲಕ್ಕಿಟ್ಟಿದ್ದ. ಅದನ್ನು ನೋಡುತ್ತ ನಿಂತ. ಆಮೇಲೆ ಮೊಳಕಾಲಿಗೆ ಕೈ ಊರಿ ಬಗ್ಗಿ ಎತ್ತಿದ. ಹತ್ತಿದ ಧೂಳನ್ನು ತನ್ನ ರುಮಾಲಿನಿಂದ ಒರೆಸಿದ. ಎರಡೂ ಕೈಯಲ್ಲಿ ಹಿಡಿದು ತಂದು ನನ್ನ ಮುಂದೆ ಚಾಚಿದ.

ನಾನೂ ಎರಡೂ ಕೈ ಚಾಚಿದೆ. ಅವನ ಬೆರಳು ನನ್ನ ಬೆರಳಿಗೆ ತಾಗಿದವು. ಅವನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಯಾರಿಗಂತ ತಗೊಂಡ್ರಿ?" ಎಂದೆ.

"ನಿಷತಗ. ಮಗಳಿಗೆ. ಗಂಡನ ಹಿಂದ ಕುಂತು ಇಂಡಿಗೆ ಅಡ್ಡಾಡ್ತಾಳ."

ಎಡಗಡೆಯ ಪಟ್ಟಿ ತಿರುವಿದೆ. ಬಕಲ್ಲಿನಿಂದ ಮೇಲಕ್ಕೆ ಒಂದು ಬೆರಳು, ಎರಡು, ಮೂರು, ನಾಲ್ಕು. ಚರ್ಮದ ತೇಪೆಯ ಮೇಲೆ ಹೆಬ್ಬೆರಳು ನಿಂತಿತು.

"ಇದು ನಾ ಕೊಯ್ದದ್ದು" ಎಂದೆ. "ಮಗಳಿಗೆ ಬ್ಯಾಡ್ರಿ."

ಮುದುಕ ತುಟಿ ಕಚ್ಚಿಕೊಂಡ. ಹೌದೆಂದು ತಲೆಯಾಡಿಸಿದ. ಅವನ ಹಿಂದೆ ನಿಂತಿದ್ದವನು ತನ್ನ ಹೆಲ್ಮೆಟ್ಟನ್ನು ನೆಲದಿಂದ ಎತ್ತಿಕೊಳ್ಳಲು ಬಗ್ಗಿದ.